ದೇವರಾಯನದುರ್ಗದ ತಪ್ಪಲಲ್ಲಿ ಒಂದು ರಾತ್ರಿ ಪತಂಗಕ್ಕೆ ಬಟ್ಟೆ ಕಟ್ಟೋದು: ಯಾವ ದೀಪ, ಯಾವ ಜಾಗ, ಯಾವ ತಿಥಿ?

ಚಿಲುಮೆ ದಾರಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಮಹಾಲಯ ಅಮಾವಾಸ್ಯೆ ಆಸುಪಾಸಿನಲ್ಲಿ ದೇವರಾಯನದುರ್ಗದ ತಪ್ಪಲಲ್ಲಿ ಒಂದು ರಾತ್ರಿ ಬಟ್ಟೆ ಕಟ್ಟಿ, ದೀಪ ಹಾಕಿ, ಬರೋ ಪತಂಗಗಳನ್ನ ಎಣಿಸಬೇಕೂಂತ ಐದು ಜನ ಸೇರಿದ್ದೀವಿ. ಹಗಲಿನ ಚಿಟ್ಟೆ ಗುರುತಿಸೋರು ನಮ್ಮ ಕಡೆ ಸಾಕಷ್ಟು ಇದ್ದಾರೆ. ರಾತ್ರಿ ಲೆಕ್ಕಕ್ಕೆ ಕೈಹಾಕೋರು ಕಡಿಮೆ.

ಸದ್ಯಕ್ಕೆ ಜೋಡಿಸಿರೋದು ಇಷ್ಟು: 160 ವ್ಯಾಟಿನ ಮರ್ಕ್ಯುರಿ ಬಲ್ಬು, ಚೋಕ್ ಬೇಡದ ಜಾತಿಯದು. ಡಬಲ್ ಕಾಟ್ ಬಿಳಿ ಬೆಡ್‌ಶೀಟು. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ, ಚಿಕ್ಕ ಇನ್ವರ್ಟರ್, ನೈಲಾನ್ ಹಗ್ಗ.

ಗೊತ್ತಾಗಬೇಕಿರೋದು: ಈ ಬ್ಯಾಟರಿ ಬೆಳಗಿನ ತನಕ ಬರುತ್ತಾ? ಬಟ್ಟೆ ಕಾಡಿನ ಒಳಗಾ, ಅಂಚಿನಲ್ಲಾ? ಬೆಲ್ಲ-ಬಾಳೆಹಣ್ಣಿನ ಪಾಕ ಮರಕ್ಕೆ ಬಳಿದರೆ ದೀಪಕ್ಕೆ ಬರದ ಜಾತಿಗಳೂ ಬರುತ್ತವೆ ಅಂತಾರೆ, ನಮ್ಮ ಕಾಡಿಗೆ ಅದು ಆಗುತ್ತಾ? ಅನುಮತಿ ಯಾರ ಹತ್ರ ಕೇಳಬೇಕು?

ವೈರ್‌ಮನ್ ಗುಬ್ಬಿ

ಬ್ಯಾಟರಿ ವಿಷಯ ಮೊದಲು ಮುಗಿಸೋಣ. 160 ವ್ಯಾಟನ್ನ 12ರಿಂದ ಭಾಗಿಸಿ, 13.3 ಆಂಪಿಯರ್. ಇನ್ವರ್ಟರ್ ನುಂಗೋದು ಸೇರಿಸಿದರೆ 15ರ ಮೇಲೆ. 7 ಆಂಪಿಯರ್-ಅವರ್ ಅಂತ ಬ್ಯಾಟರಿ ಮೇಲೆ ಬರೆದಿರೋದು 20 ಗಂಟೆ ನಿಧಾನಕ್ಕೆ ಎಳೆದಾಗಿನ ಲೆಕ್ಕ. 15 ಆಂಪಿಯರ್ ಒಂದೇ ಸಲ ಎಳೆದರೆ ಅದರ ಅರ್ಧವೂ ಕೈಗೆ ಸಿಗಲ್ಲ. ಹತ್ತು-ಹದಿನೈದು ನಿಮಿಷಕ್ಕೆ ಇನ್ವರ್ಟರ್ ಕುಂಯ್ ಅನ್ನುತ್ತೆ. ಬ್ಯಾಟರಿಗೂ ಕೆಟ್ಟದ್ದು.

ಮರ್ಕ್ಯುರಿ ಬಲ್ಬೇ ಬೇಕು ಅಂದರೆ ದಾರಿ ಎರಡು. ತೋಟದ ಮನೆಗೆ ಸಿಂಗಲ್ ಫೇಸ್ ಇದ್ದರೆ ಅಲ್ಲಿಂದ ಮೂರು ಎಳೆಯ 1.5 ಸ್ಕ್ವೇರ್ ಎಂಎಂ ಕೇಬಲ್ ಎಳೀರಿ, ಮನೆ ತುದಿಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯೋ ಸ್ವಿಚ್ಚು) ಇರಲೇಬೇಕು. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲೋರು ಇರ್ತಾರೆ. ಇಲ್ಲ ಅಂದರೆ 750 ವಿಎ ಪೆಟ್ರೋಲ್ ಜನರೇಟರ್ ಬಾಡಿಗೆಗೆ ತಗೊಳ್ಳಿ, ಬಟ್ಟೆಯಿಂದ 30 ಮೀಟರ್ ದೂರದಲ್ಲಿ, ಗಾಳಿ ಹೋಗೋ ದಿಕ್ಕಿಗೆ ಇಡಿ, ಹೊಗೆ ಬಟ್ಟೆ ಕಡೆ ಬರಬಾರದು.

ಹೋಲ್ಡರ್ ಪಿಂಗಾಣಿದೇ ಆಗಬೇಕು. ಪ್ಲಾಸ್ಟಿಕ್ ಹೋಲ್ಡರ್ ಈ ಬಲ್ಬಿನ ಕಾವಿಗೆ ಒಂದೆರಡು ಗಂಟೆಯಲ್ಲಿ ಮೆತ್ತಗಾಗುತ್ತೆ. ಎಕ್ಸ್‌ಟೆನ್ಷನ್ ಬಾಕ್ಸು ನೆಲಕ್ಕೆ ತಾಗದ ಹಾಗೆ ಇಟ್ಟಿಗೆ ಮೇಲಿಟ್ಟು ಬಕೆಟ್ ಬೋರಲು ಹಾಕಿ.

ಹೊನ್ನೆಮರ

ಬಲ್ಬಿನ ಬಗ್ಗೆ ಇನ್ನೆರಡು ಎಚ್ಚರಿಕೆ. ಒಂದು, ಉರಿಯುತ್ತಿರೋ ಗಾಜಿನ ಮೇಲೆ ಮಳೆ ಹನಿ ಬಿದ್ದರೆ ಪಟಕ್ಕಂತ ಬಿರುಕು ಬಿಡುತ್ತೆ. ಮೇಲೆ ಅಡಿಗಿಂತ ಅಗಲದ ತಗಡು ಅಥವಾ ಹಳೇ ತಟ್ಟೆ ಕಟ್ಟಿ. ಹೊರಗಿನ ಗಾಜು ಒಡೆದರೂ ಒಳಗಿನ ನಳಿಕೆ ಉರೀತಾನೇ ಇರಬಹುದು. ಆಗ ತಕ್ಷಣ ಆರಿಸಬೇಕು, ಚರ್ಮ ಮತ್ತು ಕಣ್ಣು ಸುಡೋ ಅತಿನೇರಳೆ ಕಿರಣವನ್ನ ತಡೀತಾ ಇದ್ದಿದ್ದು ಆ ಹೊರಗಾಜೇ. ಎರಡು, ಕರೆಂಟು ಒಂದು ಕ್ಷಣ ಹೋಗಿ ಬಂದರೂ ಬಲ್ಬು ಹತ್ತಲ್ಲ, ತಣ್ಣಗಾಗೋಕೆ ಐದು ನಿಮಿಷ ಬೇಕು. ಅದಕ್ಕೇ ಪಕ್ಕದಲ್ಲಿ ಚಿಕ್ಕ ಯುವಿ (ಅತಿನೇರಳೆ) ದೀಪ ಒಂದು ಬ್ಯಾಟರಿಯಲ್ಲಿ ಉರೀತಾ ಇರಲಿ.

ಈಗ ಜಾಗ. ದೀಪ ಹಾಕಿದರೆ ಇಡೀ ಬೆಟ್ಟದ ಪತಂಗ ಇಳಿದು ಬರುತ್ತೆ ಅನ್ನೋದು ತಪ್ಪು. ಬಹುಪಾಲು ಜಾತಿಗೆ ದೀಪದ ಎಳೆತ ಹತ್ತು-ಮೂವತ್ತು ಮೀಟರ್ ಅಷ್ಟೆ. ಹಾಗಾಗಿ ಬಟ್ಟೆ ಸುತ್ತ ಯಾವ ಮರ ಇದೆ ಅನ್ನೋದೇ ರಾತ್ರಿಯ ಪಟ್ಟಿ. ದಿಂಡಿಗ, ಮತ್ತಿ, ತಡಸಲು, ಉದಿ, ಕಕ್ಕೆ ಬೆರೆತ ಜಾಗದ ಅಂಚು ಹುಡುಕಿ. ನೀಲಗಿರಿ ತೋಪಿನ ಪಕ್ಕ ಬಟ್ಟೆ ಕಟ್ಟಿದರೆ ರಾತ್ರಿ ದಂಡ, ಆ ಎಲೆ ತಿನ್ನೋ ನಮ್ಮ ಹುಳುಗಳು ಬಹಳ ಕಡಿಮೆ. ಬಟ್ಟೆಯ ಒಂದು ಮುಖ ಕಾಡಿಗೆ, ಇನ್ನೊಂದು ಬಯಲಿಗೆ. ದಟ್ಟ ಪೊದೆ ಒಳಗೆ ಕಟ್ಟಿದರೆ ಬೆಳಕು ನಾಲ್ಕು ಅಡಿ ದಾಟಲ್ಲ.

ಮ್ಯಾಕ್ರೋ ಕಣ್ಣು

ಬಟ್ಟೆ ಕಟ್ಟೋದು ಮಾವಿನ ತೋಟದಲ್ಲಿ ಆದರೆ ಔಷಧಿ ಹೊಡೆದು ಎಷ್ಟು ದಿನ ಆಯ್ತು ಕೇಳಿಕೊಳ್ಳಿ.

ಚಿಲುಮೆ ದಾರಿ, ತುಮಕೂರು

ಒಳ್ಳೇ ಮಾತು, ಕೇಳ್ತೀನಿ. ಬೆಡ್‌ಶೀಟು ಪಾಲಿಯೆಸ್ಟರ್ ಮಿಕ್ಸ್ ಇದೆ, ನಡೆಯುತ್ತಾ?

ಹೊನ್ನೆಮರ

ಬೇಡ ಸಾರ್. ಪಾಲಿಯೆಸ್ಟರ್ ಮೇಲೆ ಕಾಲು ಹಿಡಿತ ಸಿಗದೆ ಜಾರುತ್ತವೆ, ಗಾಳಿಗೆ ಪಟಪಟ ಹೊಡ್ಕೊಳ್ಳುತ್ತೆ. ಹತ್ತಿದು, ಪಂಚೆ ಬಟ್ಟೆ ಆದರೂ ಸರಿ. ಆರಡಿ ಅಗಲ, ಎಂಟಡಿ ಉದ್ದ. ಮೇಲಿನ ಅಂಚಿನಲ್ಲಿ ಹಗ್ಗ ತೂರಿಸೋ ಹಾಗೆ ಹೊಲಿಸಿ. ಬಟ್ಟೆ ತಂತಿ ಕಟ್ಟಿದ ಹಾಗೆ ಬಿಗಿಯಾಗಿರಬೇಕು, ಮಡಿಕೆ ಬಿದ್ದರೆ ಸಣ್ಣವು ಮಡಿಕೆಯೊಳಗೆ ಸೇರಿ ಕಾಣಲ್ಲ. ಕೆಳಗಿನ ಎರಡಡಿ ನೆಲದ ಮೇಲೆ ದೀಪದ ಕಡೆಗೆ ಹಾಸಿ, ಮೂಲೆಗೆ ಕಲ್ಲು ಇಡಿ. ದೊಡ್ಡ ಪತಂಗಗಳು ಬಂದು ಢಿಕ್ಕಿ ಹೊಡೆದು ಕೆಳಗೇ ಬೀಳೋದು ಜಾಸ್ತಿ. ಆ ಹಾಸಿನ ಮೇಲೆ ಯಾರೂ ಕಾಲಿಡಬಾರದು. ದೀಪ ಬಟ್ಟೆಯಿಂದ ಒಂದೂವರೆ ಅಡಿ ಮುಂದೆ, ನೆಲದಿಂದ ಐದಡಿ ಎತ್ತರ.

ವೈರ್‌ಮನ್ ಗುಬ್ಬಿ

ನನ್ನ ಕೇಳಿದರೆ ಮರ್ಕ್ಯುರಿ ಬಲ್ಬೇ ಬಿಟ್ಟುಬಿಡಿ. ಪಾದರಸದ ಬಳಕೆ ತಗ್ಗಿಸೋ ಮಿನಮಾಟಾ ಒಪ್ಪಂದದಲ್ಲಿ ಸಾಮಾನ್ಯ ಬೆಳಕಿನ ಈ ಬಲ್ಬುಗಳ ತಯಾರಿಕೆ ನಿಲ್ಲಿಸೋಕೆ 2020ರ ಗಡುವು ಹಾಕಿದ್ದರು. ಅಂಗಡಿಯಲ್ಲಿ ಇನ್ನೂ ಸಿಗೋದು ಹೆಚ್ಚಾಗಿ ಹಳೇ ಮಾಲು. ಇವತ್ತು ಇದರ ಮೇಲೆ ಎಣಿಕೆ ಶುರು ಮಾಡಿದರೆ ನಾಲ್ಕು ವರ್ಷ ಆದಮೇಲೆ ಹೋಲಿಸೋಕೆ ಅದೇ ದೀಪ ಎಲ್ಲಿಂದ ತರ್ತೀರಿ?

10 ವ್ಯಾಟಿನ ಯುವಿ ಎಲ್‌ಇಡಿ ಪಟ್ಟಿ, 12 ವೋಲ್ಟಿನ 12 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ. ಹೆಚ್ಚುಕಮ್ಮಿ 150 ವ್ಯಾಟ್-ಅವರ್. ಸಂಜೆ ಏಳರಿಂದ ಬೆಳಗಿನ ಐದರ ತನಕ ಉರಿದರೂ ಮಿಕ್ಕುತ್ತೆ. ಜನರೇಟರ್ ಇಲ್ಲ, ಸದ್ದಿಲ್ಲ, ಪೆಟ್ರೋಲ್ ಇಲ್ಲ.

ಹೊನ್ನೆಮರ

ಅಣ್ಣ, ಒಪ್ಪಲ್ಲ. 160 ವ್ಯಾಟ್ ಹಾಕಿದ ಬಟ್ಟೆಗೂ 10 ವ್ಯಾಟ್ ಎಲ್‌ಇಡಿ ಬಟ್ಟೆಗೂ ಬರೋ ಸಂಖ್ಯೆಯಲ್ಲಿ ತುಂಬಾ ವ್ಯತ್ಯಾಸ ಇರುತ್ತೆ. ಮೊದಲ ಸಲ ಜಾಗದ ಪಟ್ಟಿ ಮಾಡೋರಿಗೆ ಜಾತಿ ಹೆಚ್ಚು ಸಿಗೋದು ಮುಖ್ಯ.

ವೈರ್‌ಮನ್ ಗುಬ್ಬಿ

ಸಂಖ್ಯೆ ಹೆಚ್ಚು ಸಿಕ್ಕರೆ ಐದು ಜನ ಎಣಿಸೋಕೆ ಆಗುತ್ತಾ? ಬಟ್ಟೆ ತುಂಬ ಜೀರುಂಡೆ, ಈಸಲು ಹುಳ (ರೆಕ್ಕೆ ಬಂದ ಗೆದ್ದಲು) ಮುತ್ತಿಕೊಂಡಿದ್ದರೆ ಅದರೊಳಗೆ ಪತಂಗ ಹುಡುಕೋದೇ ಕೆಲಸ ಆಗುತ್ತೆ. ಇಬ್ಬರ ಮಾತೂ ನಡೀಲಿ ಅಂದರೆ ಎರಡು ಬಟ್ಟೆ ಕಟ್ಟಿ, ನೂರು ಮೀಟರ್ ಅಂತರ, ಒಂದರಿಂದ ಇನ್ನೊಂದು ಕಾಣಬಾರದು.

ಎಲ್‌ಇಡಿ ತಗೊಳ್ಳೋವಾಗ ಮೋಸ ಹೋಗಬೇಡಿ. ಯುವಿ ಅಂತ ಮಾರೋ ಅಗ್ಗದ ಪಟ್ಟಿಗಳು ಬಹುಪಾಲು 395-400 ನ್ಯಾನೋಮೀಟರು, ಬರೀ ನೇರಳೆ ಬೆಳಕು. ಬೇಕಾಗಿರೋದು 365. ಕತ್ತಲೆ ಕೋಣೆಯಲ್ಲಿ ನೂರರ ನೋಟು ಹಿಡಿದು ನೋಡಿ. 365 ಆದರೆ ದೀಪ ಕಣ್ಣಿಗೆ ಮಂಕಾಗಿ ಕಾಣುತ್ತೆ, ನೋಟಿನ ನಂಬರಿನ ಪಟ್ಟಿ, ಕಾಗದದೊಳಗಿನ ಸಣ್ಣ ಎಳೆಗಳು ಎದ್ದು ಹೊಳೆಯುತ್ತವೆ. 395 ಆದರೆ ನೋಟೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಹೊಳಪು ಮುಚ್ಚಿಹೋಗುತ್ತೆ. ಮಂಕು ಕಾಣುತ್ತೆ ಅಂತ 365ನ್ನ ದಿಟ್ಟಿಸಿ ನೋಡಬೇಡಿ, ಯುವಿ ತಡೆಯೋ ಕನ್ನಡಕ ಐವರಿಗೂ ಬೇಕು.

ಮ್ಯಾಕ್ರೋ ಕಣ್ಣು

365ರ ಟಾರ್ಚ್ ಒಂದು ಕೈಯಲ್ಲಿರಲಿ. ಚೇಳು ಅದರ ಬೆಳಕಿಗೆ ಹಸಿರು-ನೀಲಿಯಾಗಿ ಹೊಳೆಯುತ್ತೆ, ಹತ್ತು ಅಡಿಯಿಂದಲೇ ಕಾಣುತ್ತೆ. ಬಟ್ಟೆ ಹಾಸೋ ಮುಂಚೆ ನೆಲ ಒಂದು ಸುತ್ತು ನೋಡಿ, ಬಂಡೆ ಸಂದು ಇರೋ ಜಾಗ ಅದು. ಹಾವಿಗೆ ಅದು ಉಪಯೋಗಕ್ಕೆ ಬರಲ್ಲ, ಮಾಮೂಲಿ ಬಿಳಿ ಟಾರ್ಚೂ ಗಂಬೂಟೂ ಬೇಕೇ ಬೇಕು. ಹುಳ ತಿನ್ನೋಕೆ ಕಪ್ಪೆ ಬರುತ್ತೆ, ಕಪ್ಪೆ ಹಿಂದೆ ಹಾವು.

ಮಧುಗಿರಿ ಶೇಂಗಾ

ತಿಥಿ ವಿಚಾರ ಯಾರೂ ಹೇಳಲಿಲ್ಲ. ಅಮಾವಾಸ್ಯೆ ಹಿಂದೆ ಮುಂದೆ ಐದು ದಿನ ಒಳ್ಳೇದು, ಬೆಳದಿಂಗಳಿದ್ದರೆ ದೀಪದ ಎಳೆತ ಕುಗ್ಗುತ್ತೆ. ಆದರೆ ತಿಥಿಗಿಂತ ಹವಾ ದೊಡ್ಡದು. ಮೋಡ ಕವಿದು, ಸೆಕೆ ಇದ್ದು, ಎಲೆ ಅಲುಗದ ರಾತ್ರಿ ಹುಣ್ಣಿಮೆ ಹತ್ತಿರ ಆದರೂ ಬಟ್ಟೆ ತುಂಬುತ್ತೆ. ಅಮಾವಾಸ್ಯೆಯೇ ಆಗಿದ್ದು ಆಕಾಶ ತಿಳಿಯಾಗಿ ಗಾಳಿ ಬೀಸ್ತಾ ಇದ್ದರೆ ಬಟ್ಟೆ ಖಾಲಿ. ನಮ್ಮ ಕಡೆ ಮಳೆ ಜೋರಾಗೋದು ಉತ್ತರೆ, ಹಸ್ತಾ, ಚಿತ್ತಾದಲ್ಲಿ, ಹಾಗಾಗಿ ನೀವು ಹಿಡಿದಿರೋ ಕಾಲ ಸರಿಯಾಗಿದೆ. ಹದ ಮಳೆ ಬಿದ್ದು ಎರಡು-ಮೂರು ದಿನ ಆದಮೇಲೆ ಹೋಗಿ.

ಕೆರೆ ಏರಿ

ಜುಲೈ ಕೊನೇ ವಾರ ರಾಷ್ಟ್ರೀಯ ಪತಂಗ ಸಪ್ತಾಹ ಅಂತ ಮಾಡ್ತಾರಲ್ಲ, ಆಗ ಮಾಡಬಹುದಿತ್ತು.

ಮಧುಗಿರಿ ಶೇಂಗಾ

ಅದು 2012ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಅಲ್ಲಿಯ ಬೇಸಿಗೆಗೆ ಹೊಂದಿಸಿದ ದಿನ. ಮಲೆನಾಡಿನಲ್ಲಿ ಜುಲೈ ತುಂಬ ಮಳೆ, ನಮ್ಮ ಕಡೆ ಜುಲೈನಲ್ಲಿ ಬರೀ ಗಾಳಿ. ಎಲ್ಲರ ಜೊತೆ ಲೆಕ್ಕ ಸೇರಿಸೋಕೆ ಒಂದು ರಾತ್ರಿ ಆಗಲೂ ಮಾಡಿ, ಬೇಡ ಅನ್ನಲ್ಲ. ಪಟ್ಟಿ ಬೆಳೆಯೋದು ಸೆಪ್ಟೆಂಬರ್-ಅಕ್ಟೋಬರಿನಲ್ಲೇ.

ಕರಡಿ ಗುಡ್ಡ

ಬೆಲ್ಲದ ಪಾಕದ ಪ್ರಶ್ನೆಗೆ ನೇರ ಉತ್ತರ: ದೇವರಾಯನದುರ್ಗದಲ್ಲಿ ಬೇಡವೇ ಬೇಡ. ಅದು ಕರಡಿ ಓಡಾಡೋ ಕಾಡು, ಚಿರತೆಯೂ ಇದೆ. ಕೊಳೆತ ಬಾಳೆಹಣ್ಣು, ಬೆಲ್ಲ, ಹುಳಿ ವಾಸನೆ ಕತ್ತಲಲ್ಲಿ ಎಷ್ಟು ದೂರ ಹೋಗುತ್ತೆ ಯೋಚನೆ ಮಾಡಿ. ಕರಡಿ ಮೂಗಿನ ಮೇಲೆ ಬದುಕೋ ಪ್ರಾಣಿ. ಐದು ಜನ ಬಟ್ಟೆ ಕಡೆ ಮುಖ ಮಾಡಿ, ದೀಪದ ಬೆಳಕಿಗೆ ಕಣ್ಣು ಕುರುಡಾಗಿ ನಿಂತಿರ್ತಾರೆ, ಹಿಂದಿನಿಂದ ಬಂದಿದ್ದು ಗೊತ್ತಾಗಲ್ಲ. ಪಾಕ ಬಳಿದ ಮರಕ್ಕೆ ಆ ರಾತ್ರಿ ಒಂದೇ ಅಲ್ಲ, ಮುಂದಿನ ವಾರವೂ ಕರಡಿ ಬರುತ್ತೆ. ಆಗ ಅಲ್ಲಿ ಓಡಾಡೋರು ದನ ಮೇಯಿಸೋರು.

ಮ್ಯಾಕ್ರೋ ಕಣ್ಣು

ಆದರೆ ಪಾಕ ಇಲ್ಲದೆ ಹಣ್ಣು ಚುಚ್ಚೋ ಪತಂಗ ಸಿಗೋದು ಕಷ್ಟ. ಯೂಡೋಸಿಮಾ ಜಾತಿಗಳು ದೀಪಕ್ಕೆ ಅಷ್ಟಾಗಿ ಬರಲ್ಲ, ಹಣ್ಣಿಗೆ ಬರುತ್ತವೆ. ಮೇಲಿನ ರೆಕ್ಕೆ ಒಣಗಿ ಮುದುರಿದ ಎಲೆ ಥರ, ಮುಟ್ಟಿದರೆ ಸರಕ್ಕಂತ ತೆರೆಯುತ್ತೆ, ಒಳಗೆ ಕಿತ್ತಳೆ ರೆಕ್ಕೆ, ನಡುವೆ ದುಂಡು ಕಪ್ಪು ಚುಕ್ಕೆ. ಅದರ ಹುಳು ಬೆಳೆಯೋದು ಅಮೃತಬಳ್ಳಿ ಮೇಲೆ, ನಮ್ಮ ಬೇಲಿಗಳಲ್ಲಿ ಬೇಕಾದಷ್ಟಿದೆ.

ಕರಡಿ ಗುಡ್ಡ

ಬೇಕಿದ್ದರೆ ಕಾಡಿನಿಂದ ದೂರ, ಊರೊಳಗಿನ ತೋಟದಲ್ಲಿ ಬಳೀರಿ.

ಹೊನ್ನೆಮರ

ಕರಡಿ ಗುಡ್ಡ ಸಾರ್ ಮಾತಿಗೆ ನನ್ನ ಒಪ್ಪಿಗೆ. ಊರೊಳಗೆ ಮಾಡೋರಿಗೆ ಅಳತೆ: ಕಪ್ಪು ಬೆಲ್ಲ ಒಂದು ಕೆಜಿ, ಸಿಪ್ಪೆ ಕಪ್ಪಾದ ಬಾಳೆಹಣ್ಣು ಆರು, ನೀರು ಕಾಲು ಲೀಟರು. ಬೆಲ್ಲ ಕರಗಿಸಿ ಎಳೆಪಾಕಕ್ಕಿಂತ ಮುಂಚೆ ಇಳಿಸಿ, ಉಗುರುಬೆಚ್ಚಗಾದಮೇಲೆ ಹಣ್ಣು ಕಿವುಚಿ ಹಾಕಿ ಚಿಟಿಕೆ ಯೀಸ್ಟ್ ಉದುರಿಸಿ. ಬಿಸಿಯಲ್ಲೇ ಹಾಕಿದರೆ ಯೀಸ್ಟ್ ಸಾಯುತ್ತೆ. ಮುಚ್ಚಳ ಬಿಗಿಯಬೇಡಿ, ಡಬ್ಬಿ ಉಬ್ಬಿ ಸಿಡಿಯುತ್ತೆ. ಎರಡು ದಿನ ಬಿಟ್ಟು, ಹೊತ್ತು ಮುಳುಗೋಕೆ ಮುಂಚೆ ಎದೆ ಎತ್ತರಕ್ಕೆ ಅಂಗೈ ಅಗಲ ಬಳಿಯೋದು. ಬುಡಕ್ಕೆ ಇರುವೆ ಸಾಲು ಇಲ್ಲದ ಮರ ನೋಡಿಕೊಳ್ಳಿ. ಪಾಕ ನೀರಾದರೆ ಇಳಿದುಹೋಗುತ್ತೆ, ತುಂಬಾ ಗಟ್ಟಿಯಾದರೆ ಬಂದ ಪತಂಗದ ಕಾಲು ಅಂಟಿಕೊಳ್ಳುತ್ತೆ. ನೋಡೋಕೆ ಹೋಗುವಾಗ ಟಾರ್ಚಿಗೆ ಕೆಂಪು ಕಾಗದ ಕಟ್ಟಿ.

ಚಿಲುಮೆ ದಾರಿ, ತುಮಕೂರು

ಸರಿ, ಪಾಕ ಬಿಟ್ಟೆವು. ಕರಡಿ ಬಗ್ಗೆ ಬೇರೆ ಏನು ಎಚ್ಚರ ಬೇಕು?

ಕರಡಿ ಗುಡ್ಡ

ಹಣ್ಣು ಬಿಟ್ಟಿರೋ ಮರದ ಹತ್ತಿರ, ಹುತ್ತದ ಹತ್ತಿರ ಬಟ್ಟೆ ಬೇಡ. ಐವರಲ್ಲಿ ಒಬ್ಬರು ಸರದಿ ಮೇಲೆ ಬಟ್ಟೆಗೆ ಬೆನ್ನು ಹಾಕಿ ಕತ್ತಲ ಕಡೆ ಟಾರ್ಚ್ ಹಿಡಿದು ಕೂರಬೇಕು, ಗಂಟೆಗೊಮ್ಮೆ ಬದಲಾಯಿಸಿ. ಆಗಾಗ ಮಾತಾಡ್ತಾ ಇರಿ. ಬುತ್ತಿ ಗಾಡಿಯೊಳಗೇ ಇರಲಿ. ಒಬ್ಬರೇ ದೂರ ಹೋಗಬಾರದು. ಗಾಡಿ ಮುಖ ರಸ್ತೆ ಕಡೆಗಿರಲಿ.

ಅನುಮತಿ: ಮೀಸಲು ಅರಣ್ಯದೊಳಗೆ ಕಾಲಿಡೋ ಹಾಗಿದ್ದರೆ ತುಮಕೂರು ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಪತ್ರ, ವಲಯ ಅರಣ್ಯಾಧಿಕಾರಿಗಳಿಗೆ ಪ್ರತಿ. ಐವರ ಹೆಸರು, ಗುರುತಿನ ಚೀಟಿ, ಗಾಡಿ ನಂಬರು, ಜಾಗದ ಅಕ್ಷಾಂಶ-ರೇಖಾಂಶ, ದೀಪದ ವ್ಯಾಟು, ಶುರು ಮತ್ತು ಮುಗಿಸೋ ಹೊತ್ತು, ಹುಳ ಹಿಡಿದು ಕೊಲ್ಲಲ್ಲ ಅನ್ನೋ ಮಾತು, ಇಷ್ಟೂ ಬರೀರಿ. ಅರಣ್ಯ ವೀಕ್ಷಕರೊಬ್ಬರು ಜೊತೆಗಿರಲಿ ಅಂತ ನೀವೇ ಕೇಳಿ. ಖಾಸಗಿ ತೋಟವಾದರೂ ಬೀಟಿನ ಅರಣ್ಯ ರಕ್ಷಕರಿಗೆ ಮುಂಚೆಯೇ ತಿಳಿಸಿ. ರಾತ್ರಿ ಕಾಡಂಚಿನಲ್ಲಿ ಬೆಳಕು ಕಂಡರೆ ಬೇಟೆಯವರು ಅಂತ ಅವರು ಓಡಿ ಬರೋದು ಸಹಜ.

ತಿಮ್ಲಾಪುರ, ಬುಕ್ಕಾಪಟ್ಟಣ ಕಡೆ ಯಾರಾದರೂ ಯೋಚಿಸ್ತಿದ್ದರೆ ಅವು ವನ್ಯಜೀವಿಧಾಮಗಳು. ಅಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು.

ಕೋಲಾರದ ಟೊಮ್ಯಾಟೊ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮ ಕಡೆ ಟೊಮ್ಯಾಟೊ ಹೊಲಕ್ಕೆ ಸೋಲಾರ್ ದೀಪದ ಬಲೆ ಇಡ್ತಾರೆ. ರಾತ್ರಿ ಪೂರ್ತಿ ಉರಿಸಿದರೆ ಊಜಿ, ಕಾಯಿಕೊರಕ ಎಲ್ಲ ಸಾಯುತ್ತವೆ ಅಂತಾರೆ, ನಿಜವಾ?

ಮಧುಗಿರಿ ಶೇಂಗಾ

ಊಜಿ ರೇಷ್ಮೆಯದು, ಅದು ನೊಣ, ಹಗಲು ಹಾರೋದು. ಟೊಮ್ಯಾಟೊಗೆ ನೀವು ಹೇಳ್ತಿರೋದು ಟ್ಯೂಟಾ, ಎಲೆಯೊಳಗೆ ಸುರಂಗ ಕೊರೆಯೋ ಚಿಕ್ಕ ಪತಂಗದ ಹುಳು. ನಮ್ಮ ದೇಶಕ್ಕೆ ಬಂದಿದ್ದು ಗೊತ್ತಾಗಿದ್ದು 2014ರಲ್ಲಿ, ಮಹಾರಾಷ್ಟ್ರದಲ್ಲಿ. ಅದಕ್ಕೆ ಲಿಂಗಾಕರ್ಷಕ ಬಲೆ ಹೆಚ್ಚು ನಂಬಿಕಸ್ತ, ಬೇರೆ ಹುಳ ಸಾಯಲ್ಲ. ದೀಪದ ಬಲೆ ಇಟ್ಟರೆ ಸಂಜೆ ಆರರಿಂದ ಹತ್ತರ ತನಕ ಸಾಕು. ಬೆಳಗಿನ ತನಕ ಉರಿಸಿದರೆ ಕೀಟ ತಿನ್ನೋ ಜೀರುಂಡೆ, ಬೇರೆ ಹುಳದ ಮೈಮೇಲೆ ಬೆಳೆಯೋ ಪರತಂತ್ರ ಕಣಜ ಎಲ್ಲಾ ಆ ನೀರಿನ ತಟ್ಟೆಗೆ ಬೀಳುತ್ತವೆ. ಬೆಳಿಗ್ಗೆ ತಟ್ಟೆ ಕೆದಕಿ ನೋಡಿ, ನಿಮ್ಮ ಬೆಳೆ ತಿನ್ನೋ ಹುಳ ಅದರಲ್ಲಿ ಎಷ್ಟು, ಬೇರೆಯವು ಎಷ್ಟು ಅಂತ ವಾರಕ್ಕೊಮ್ಮೆ ಬರೆದಿಡಿ.

ಇದಕ್ಕಿಂತ ದೊಡ್ಡ ಪಾಠ ನಮ್ಮ ಪಾವಗಡ, ಮಧುಗಿರಿ, ಶಿರಾ ಶೇಂಗಾ ಹೊಲಗಳ ಕಂಬಳಿ ಹುಳು. ಅದರ ಪತಂಗ ನೆಲದೊಳಗೆ ಕೋಶವಾಗಿ ತಿಂಗಳುಗಟ್ಟಲೆ ಕೂತಿದ್ದು, ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಮೇಲೆ ಒಟ್ಟಿಗೇ ಏಳುತ್ತೆ. ಆ ನಾಲ್ಕೈದು ರಾತ್ರಿಯೇ ದೀಪ ಅಥವಾ ಬೆಂಕಿ ಹಾಕೋ ಕಾಲ. ಒಬ್ಬರೇ ಹಾಕಿದರೆ ಅಕ್ಕಪಕ್ಕದ ಪತಂಗವೂ ನಿಮ್ಮ ಹೊಲಕ್ಕೆ ಬಂದು ದೀಪದ ಸುತ್ತಲ ಗಿಡಕ್ಕೇ ಮೊಟ್ಟೆ ಇಡುತ್ತೆ, ಒಂದು ಹೆಣ್ಣಿಗೆ ನೂರಾರು ಮೊಟ್ಟೆ. ಇಡೀ ಊರು ಒಂದೇ ರಾತ್ರಿ ಹಾಕಬೇಕು, ಮಾರನೇ ಬೆಳಿಗ್ಗೆ ದೀಪದ ಸುತ್ತ ಎಲೆ ತಿರುಗಿಸಿ ಮೊಟ್ಟೆ ಗುಂಪು ಕಿತ್ತು ಹಾಕಬೇಕು. ಬೇಸಿಗೆಯಲ್ಲಿ ಬದು ಪಕ್ಕ, ಮರದಡಿ ಆಳ ಉಳುಮೆ ಮಾಡಿದರೆ ಕೋಶ ಮೇಲೆ ಬಿದ್ದು ಹಕ್ಕಿ ಪಾಲಾಗುತ್ತೆ.

ತಿಪಟೂರು ಕೊಬ್ಬರಿ

ತೆಂಗಿನ ಕಪ್ಪುತಲೆ ಹುಳುವೂ ಪತಂಗದ್ದೇ. ಆದರೆ ಅದಕ್ಕೆ ದೀಪಕ್ಕಿಂತ ಗೋನಿಯೋಜಸ್ ಅನ್ನೋ ಪರೋಪಜೀವಿ ಕಣಜ ಬಿಡೋದು ಒಳ್ಳೇದು. ಪರೋಪಜೀವಿ ಬಿಟ್ಟ ತೋಟದಲ್ಲಿ ಔಷಧಿ ಹೊಡೀಬಾರದು, ಅದೂ ಸಾಯುತ್ತೆ.

ಶಿಡ್ಲಘಟ್ಟ ಚಂದ್ರಿಕೆ

ಹೆಸರಿನ ಬಗ್ಗೆ ಒಂದು ಮಾತು. ಮೇಲೆ ಎಲ್ಲರೂ ಪತಂಗ, ಚಿಟ್ಟೆ ಅಂತ ಗೆರೆ ಎಳೆದು ಬರೀತಿದ್ದೀರ. ನಮ್ಮ ಬಿತ್ತನೆ ಕೋಠಿಗಳಲ್ಲಿ (ರೇಷ್ಮೆ ಮೊಟ್ಟೆ ತಯಾರಿಸೋ ಕಡೆ) ಗೂಡು ಒಡೆದು ಬರೋದನ್ನ ಎಲ್ಲರೂ ರೇಷ್ಮೆ ಚಿಟ್ಟೆ ಅಂತಲೇ ಕರೆಯೋದು. ಅದು ಪತಂಗವೇ, ಹಾರೋಕೆ ಬರಲ್ಲ ಅಷ್ಟೆ. ಹಳ್ಳಿಯಲ್ಲಿ ಜನರ ಹತ್ತಿರ ಮಾತಾಡುವಾಗ ಚಿಟ್ಟೆ ಅಂದರೆ ತಪ್ಪು ಅಂತ ತಿದ್ದೋಕೆ ಹೋಗಬೇಡಿ.

ಹೊನ್ನೆಮರ

ಸರಿಯಾದ ಮಾತು. ಅವರು ಹೇಳೋ ಹೆಸರನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ.

ಕೆರೆ ಏರಿ

ಹುಳುಗಳು ಬೆಳಕನ್ನ ಚಂದ್ರ ಅಂದುಕೊಂಡು ಬರುತ್ತವೆ ಅಲ್ವಾ?

ಮ್ಯಾಕ್ರೋ ಕಣ್ಣು

ಹಾಗಂತ ಬಹಳ ಕಾಲ ಹೇಳ್ತಿದ್ದರು. 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಬಂದ ಅಧ್ಯಯನ ಬೇರೆ ಕಾರಣ ತೋರಿಸಿತು. ವೇಗದ ಕ್ಯಾಮೆರಾದಲ್ಲಿ ನೋಡಿದಾಗ, ಹಾರೋ ಹುಳ ಬೆನ್ನನ್ನ ಬೆಳಕಿನ ಕಡೆ ತಿರುಗಿಸ್ತಾ ಇತ್ತು. ರಾತ್ರಿ ನೆಲಕ್ಕಿಂತ ಆಕಾಶವೇ ಹೆಚ್ಚು ಬೆಳಕು, ಬೆನ್ನು ಬೆಳಕಿಗಿದ್ದರೆ ಮೇಲು-ಕೆಳಗು ಸರಿಯಾಗಿದೆ ಅಂತ ಅದರ ಲೆಕ್ಕ. ಪಕ್ಕದಲ್ಲಿ ದೀಪ ಇದ್ದರೆ ಬೆನ್ನು ಅತ್ತ ವಾಲಿ, ಸುತ್ತು ಹೊಡೆಯುತ್ತೆ, ದೀಪದ ಮೇಲೆ ಹೋದರೆ ಮಗುಚಿ ಬೀಳುತ್ತೆ. ಅಂದರೆ ಬಟ್ಟೆಗೆ ಬಂದಿದ್ದು ದಾರಿ ತಪ್ಪಿ ಸಿಕ್ಕಿಹಾಕಿಕೊಂಡಿದ್ದು. ಅದಕ್ಕೇ ರಾತ್ರಿ ಪೂರ್ತಿ ದೀಪ ಉರಿಸೋದಕ್ಕೆ ಕಾರಣ ಇರಬೇಕು.

ಹೊನ್ನೆಮರ

ಕಾರಣ ಇದೆ. ಸಣ್ಣ ಜಾತಿಗಳು ಕತ್ತಲಾದ ಎರಡು-ಮೂರು ಗಂಟೆಯಲ್ಲೇ ಬರುತ್ತವೆ. ಚಂದ್ರ ಪತಂಗ, ಟಸ್ಸಾರ್ ಜಾತಿಯ ದೊಡ್ಡವು, ಕೆಲವು ಗಿಡುಗ ಪತಂಗಗಳು ಬರೋದು ನಡುರಾತ್ರಿ ಮೇಲೆ. ಹತ್ತಕ್ಕೇ ಮುಚ್ಚಿದರೆ ಪಟ್ಟಿ ಅರ್ಧ.

ಮ್ಯಾಕ್ರೋ ಕಣ್ಣು

ಹಾಗಾದರೆ ಬಿಟ್ಟು ಬಿಟ್ಟು ಉರಿಸಿ. ಏಳೂವರೆಯಿಂದ ಹತ್ತೂವರೆ, ಆಮೇಲೆ ಪೂರ್ತಿ ಆರಿಸಿ, ಹನ್ನೆರಡೂವರೆಯಿಂದ ಎರಡು. ಆರಿಸಿದಾಗ ಬಟ್ಟೆ ಮೇಲಿದ್ದವು ಹೋಗಲಿ. ಚಂದ್ರ ಪತಂಗಕ್ಕೆ ಬಾಯಿಯೇ ಇಲ್ಲ, ರೆಕ್ಕೆ ಬಂದಮೇಲೆ ಏನೂ ತಿನ್ನಲ್ಲ, ಆಯಸ್ಸು ಒಂದು ವಾರದ ಸುಮಾರು. ಅದರ ಒಂದು ರಾತ್ರಿ ಬಟ್ಟೆ ಮೇಲೆ ಕಳೆದುಹೋಯ್ತು ಅಂದರೆ ಜೋಡಿ ಹುಡುಕೋ ರಾತ್ರಿಗಳಲ್ಲಿ ದೊಡ್ಡ ಪಾಲು ಹೋಯ್ತು.

ವೈರ್‌ಮನ್ ಗುಬ್ಬಿ

ಎಲ್‌ಇಡಿ ಆದರೆ ಸ್ವಿಚ್ ಒತ್ತಿದರೆ ಆರುತ್ತೆ, ಒತ್ತಿದರೆ ಹತ್ತುತ್ತೆ. ಮರ್ಕ್ಯುರಿ ಆದರೆ ಮತ್ತೆ ಕಾಯಬೇಕು.

ಕೋಲಾರದ ಟೊಮ್ಯಾಟೊ

ನಮ್ಮ ಹನುಮನಹಳ್ಳಿ ಗುಹೆ ಕಡೆ ಇದನ್ನ ಮಾಡೋ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ. ಕೋಲಾರ ಎಲೆಮೂಗಿನ ಬಾವಲಿಗೆ ಗೊತ್ತಿರೋ ನೆಲೆ ಅದೊಂದೇ. ಗುಹೆ ಬಾಯಿಗೆ ಬೆಳಕು ಬಿದ್ದರೆ ಬಾವಲಿ ಹೊರಗೆ ಬರೋದನ್ನೇ ತಡ ಮಾಡುತ್ತೆ, ಹುಳ ಹೆಚ್ಚಿರೋ ಮುಸ್ಸಂಜೆ ಹೊತ್ತು ಅದಕ್ಕೆ ತಪ್ಪಿಹೋಗುತ್ತೆ.

ಕರಡಿ ಗುಡ್ಡ

ಈ ಮಾತು ಎಲ್ಲರೂ ಓದಬೇಕು.

ಚಿಲುಮೆ ದಾರಿ, ತುಮಕೂರು

ದೀಪ ಎರಡು ಪಾಳಿಯಲ್ಲಿ ಉರಿಸೋ ವಿಚಾರ ಹಿಡಿಸಿತು, ಹಾಗೇ ಮಾಡ್ತೀವಿ. ಬಟ್ಟೆ ಬದಲು ಬಕೆಟ್ ಬಲೆ ಇಟ್ಟರೆ ಹೇಗೆ? ಯಾರೂ ನಿದ್ದೆಗೆಡಬೇಕಿಲ್ಲ ಅಂತಾರೆ.

ಹೊನ್ನೆಮರ

20 ಲೀಟರಿನ ಬಕೆಟ್, ಅದರ ಬಾಯಿಗೆ ಕೂರೋ ಆಲಿಕೆ, ಆಲಿಕೆ ಮೇಲೆ 8 ವ್ಯಾಟಿನ ಯುವಿ ಟ್ಯೂಬು, ಟ್ಯೂಬಿನ ಸುತ್ತ ಮೂರು ಪಾರದರ್ಶಕ ಹಾಳೆ ನಿಲ್ಲಿಸಿದರೆ ಬಲೆ ಆಯ್ತು. ಹುಳ ಹಾಳೆಗೆ ಬಡಿದು ಆಲಿಕೆಯೊಳಗೆ ಜಾರುತ್ತೆ. ಆಲಿಕೆ ತೂತು ಒಂದೂವರೆ ಇಂಚಿಗಿಂತ ಚಿಕ್ಕದಾದರೆ ದೊಡ್ಡ ಪತಂಗ ಸಿಕ್ಕಿಕೊಳ್ಳುತ್ತೆ. ಒಳಗೆ ಕಾಗದದ ಮೊಟ್ಟೆ ಟ್ರೇ ನಿಲ್ಲಿಸಿ ಇಡಿ, ಗೂಡು ಗೂಡಲ್ಲಿ ಒಂದೊಂದು ಸುಮ್ಮನೆ ಕೂರುತ್ತೆ. ಟ್ರೇ ಇಲ್ಲ ಅಂದರೆ ಬೆಳಗಿನ ತನಕ ಒಂದರ ಮೇಲೊಂದು ಬಡಿದಾಡಿ ರೆಕ್ಕೆಯ ಪುಡಿ ಉದುರಿ ಗುರುತೇ ಸಿಗಲ್ಲ. ಬಕೆಟ್ ತಳಕ್ಕೆ ಆರು ಸಣ್ಣ ತೂತು, ಜಾಲರಿ ಅಂಟಿಸಿ. ಮಳೆ ನೀರು ನಿಂತರೆ ಎಲ್ಲಾ ಸತ್ತುಹೋಗುತ್ತವೆ. ಬಿಸಿಲು ಏರೋಕೆ ಮುಂಚೆ ತೆರೆಯಲೇಬೇಕು.

ನಿಮ್ಮ ಮೊದಲ ರಾತ್ರಿಗೆ ಬಟ್ಟೆಯೇ ಸರಿ. ಕಣ್ಣೆದುರು ಬರೋದನ್ನ ನೋಡಿ ಕಲಿಯೋದು ಜಾಸ್ತಿ.

ಕೆರೆ ಏರಿ

ಈಸಲು ಹುಳ ಮುತ್ತಿದರೆ ಏನು ಮಾಡೋದು?

ಮಧುಗಿರಿ ಶೇಂಗಾ

ದೀಪ ಆರಿಸಿ ಮುಕ್ಕಾಲು ಗಂಟೆ ಕೂರೋದು. ಅವು ಏಳೋದು ಮಳೆ ಬಿದ್ದ ಸಂಜೆ, ಸ್ವಲ್ಪ ಹೊತ್ತಿಗೆ ರೆಕ್ಕೆ ಉದುರಿಸಿ ಮುಗಿಸುತ್ತವೆ. ಆಮೇಲೆ ಬಟ್ಟೆ ಒಮ್ಮೆ ಒದರಿ ಹಾಕಿ, ಇಲ್ಲ ಅಂದರೆ ಉದುರಿದ ರೆಕ್ಕೆ ಹಿಂದೆ ಇರುವೆ ಬರುತ್ತೆ, ಇರುವೆ ಕೆಳಗೆ ಬಿದ್ದ ಪತಂಗವನ್ನ ಬಿಡಲ್ಲ.

ಶಿಡ್ಲಘಟ್ಟ ಚಂದ್ರಿಕೆ

ಚರ್ಮದ ಬಗ್ಗೆ ಹೇಳಿ ಯಾರಾದರೂ. ಪೆಡೆರಸ್ ಹುಳ ದೀಪಕ್ಕೆ ಬರೋದು ಇದೇ ಕಾಲದಲ್ಲಿ. ಕಿತ್ತಳೆ-ಕಪ್ಪು ಪಟ್ಟೆ, ದೊಡ್ಡ ಇರುವೆ ಅಂದುಕೊಳ್ಳೋ ಹಾಗಿರುತ್ತೆ. ಅದು ಕಚ್ಚಲ್ಲ. ಕತ್ತಿನ ಮೇಲೆ ಕೂತಾಗ ಅಂಗೈಯಲ್ಲಿ ಉಜ್ಜಿದರೆ ಅದರ ಮೈರಸಕ್ಕೆ ಮಾರನೇ ದಿನ ಗೆರೆ ಎಳೆದ ಹಾಗೆ ಸುಟ್ಟು ಗುಳ್ಳೆ ಏಳುತ್ತೆ. ಊದಿ ಹಾರಿಸಬೇಕು, ಕಾಗದದ ಮೇಲೆ ಹತ್ತಿಸಿಕೊಂಡು ಬಿಡಬೇಕು. ಉಜ್ಜಿಹೋದರೆ ಆ ಕ್ಷಣವೇ ಸೋಪು ಹಾಕಿ ತೊಳೆದು, ಆ ಕೈಯಲ್ಲಿ ಕಣ್ಣು ಮುಟ್ಟಬಾರದು. ತುಂಬು ತೋಳಿನ ಅಂಗಿ, ಕಿವಿಗೆ ಹತ್ತಿ.

ಮ್ಯಾಕ್ರೋ ಕಣ್ಣು

ಫೋಟೋ ಕ್ರಮ ಹೇಳಿಬಿಡ್ತೀನಿ. ಅರ್ಧ ಗಂಟೆಗೊಮ್ಮೆ ಇಡೀ ಬಟ್ಟೆ ಒಂದು ಫೋಟೋ, ಆಮೇಲೆ ಒಂದೊಂದರದ್ದು. ಮೇಲಿನಿಂದ ನೇರಕ್ಕೆ, ರೆಕ್ಕೆ ಪೂರ್ತಿ ಫೋಕಸ್ ಆಗೋ ಹಾಗೆ ಕ್ಯಾಮೆರಾದ ಅಪರ್ಚರ್ ಎಫ್ 8 ಅಥವಾ 11. ಫ್ಲಾಶ್ ಮುಂದೆ ಬಿಳಿ ಹಾಳೆ. ಯುವಿ ಬೆಳಕಲ್ಲೇ ತೆಗೆದರೆ ಬಣ್ಣವೆಲ್ಲ ನೇರಳೆಗೆ ತಿರುಗಿ ಗುರುತು ಹಿಡಿಯೋರಿಗೆ ಕಷ್ಟ. ಪಕ್ಕದಲ್ಲಿ ಅಳತೆಪಟ್ಟಿ ಒಂದು ತುಂಡು ಬಟ್ಟೆಗೇ ಪಿನ್ ಮಾಡಿ. ಆಸೋಟಾ ಕುಲದ ಪತಂಗದ ಥರದ್ದಕ್ಕೆ ಹೊಟ್ಟೆಯ ಹಳದಿ, ಅದರ ಮೇಲಿನ ಕಪ್ಪು ಚುಕ್ಕೆ ಕಾಣೋ ಹಾಗೆ ಪಕ್ಕದಿಂದಲೂ ಒಂದು.

ಎಷ್ಟು ಚೆನ್ನಾಗಿ ತೆಗೆದರೂ ಕಂದು ಬಣ್ಣದ ಸಣ್ಣವು ಬಹಳಷ್ಟು ಫೋಟೋದಿಂದ ಜಾತಿ ಮಟ್ಟಕ್ಕೆ ಹೋಗಲ್ಲ. ಕುಲದ ಹೆಸರಿಗೇ ನಿಲ್ಲಿಸಿ. ತಪ್ಪು ಹೆಸರು ಒಂದು ಸಲ ಪಟ್ಟಿಗೆ ಸೇರಿದರೆ ಅದನ್ನೇ ನೋಡಿ ಇನ್ನೂ ಹತ್ತು ಜನ ಬರೀತಾರೆ. ಐನ್ಯಾಚುರಲಿಸ್ಟ್, ಮಾತ್ಸ್ ಆಫ್ ಇಂಡಿಯಾ ಎರಡೂ ಜಾಲತಾಣಕ್ಕೆ ಹಾಕಿ, ಅಲ್ಲಿ ತಿದ್ದೋರು ಇದ್ದಾರೆ.

ಶುರುವಾದ ಹೊತ್ತು, ಆರಿಸಿದ ಹೊತ್ತು, ದೀಪ, ಉಷ್ಣಾಂಶ, ಮೋಡ, ಗಾಳಿ, ತಿಥಿ ಬರೀದೇ ಇದ್ದರೆ ಎಣಿಕೆಗೆ ಬೆಲೆಯಿಲ್ಲ. ಏನೂ ಬರದ ಅರ್ಧ ಗಂಟೆಗೂ ಸೊನ್ನೆ ಅಂತ ಬರೆಯಬೇಕು.

ಚಿಲುಮೆ ದಾರಿ, ತುಮಕೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬದಲಾದ ಪಟ್ಟಿ: 365ರ ಎಲ್‌ಇಡಿ, ಲಿಥಿಯಂ ಬ್ಯಾಟರಿ, ಹತ್ತಿ ಬಟ್ಟೆ, ಕನ್ನಡಕ ಐದು, ಗಂಬೂಟು. ಮರ್ಕ್ಯುರಿ ಮನೆಯಲ್ಲೇ ಇರಲಿ. ಕೊನೇ ಪ್ರಶ್ನೆ, ಎರಡು ಗಂಟೆಗೆ ಮುಗಿಸಿದಾಗ ಬಟ್ಟೆ ಮೇಲೆ ಇನ್ನೂ ಕೂತಿರೋವನ್ನ ಒದರಿಬಿಡೋದಾ?

ಹೊನ್ನೆಮರ

ಒದರಬೇಡಿ. ದೀಪ ಆರಿಸಿ ಅರ್ಧ ಗಂಟೆ ಕಾಯಿರಿ, ಬಹುಪಾಲು ಹೋಗುತ್ತವೆ. ಗಿಡುಗ ಪತಂಗ ಹಾರೋ ಮುಂಚೆ ನಿಮಿಷಗಟ್ಟಲೆ ರೆಕ್ಕೆ ನಡುಗಿಸಿ ಮೈ ಕಾಯಿಸಿಕೊಳ್ಳುತ್ತೆ. ಅದನ್ನ ಎತ್ತಿ ಗಾಳಿಗೆ ಎಸೆದರೆ ಕಲ್ಲಿನ ಹಾಗೆ ಬೀಳುತ್ತೆ. ಉಳಿದದ್ದನ್ನ ಒಣ ಕಡ್ಡಿಗೆ ಹತ್ತಿಸಿಕೊಂಡು ಒಂದೊಂದನ್ನ ಬೇರೆ ಬೇರೆ ಪೊದೆಯೊಳಗೆ, ಎಲೆ ಅಡಿಗೆ ಬಿಡಿ. ಒಂದೇ ಪೊದೆಗೆ ಸುರಿದರೆ ಬೆಳಕು ಹರಿಯೋ ಹೊತ್ತಿಗೆ ಕಾಜಾಣ, ಪಿಕಳಾರ ಬಂದು ಆರಿಸಿ ತಿನ್ನುತ್ತವೆ.

ಶಿಡ್ಲಘಟ್ಟ ಚಂದ್ರಿಕೆ

ಬಟ್ಟೆ ಮಡಚೋ ಮುಂಚೆ ಹೊಲಿಗೆ ಅಂಚು, ಮೂಲೆ ಎರಡೂ ಕಡೆ ತಿರುಗಿಸಿ ನೋಡಿ. ಹೆಣ್ಣು ಬಟ್ಟೆ ಮೇಲೇ ಮೊಟ್ಟೆ ಇಟ್ಟಿರುತ್ತೆ. ಚಂದ್ರ ಪತಂಗದ್ದಾದರೆ ಸಾಸಿವೆ ಕಾಳಿನಷ್ಟಿರುತ್ತೆ, ಕಂದು ಅಂಟು ಮೆತ್ತಿರುತ್ತೆ. ಉಗುರಲ್ಲಿ ಕೀಳಬೇಡಿ, ಒಡೆದುಹೋಗುತ್ತೆ. ಆ ಜಾಗದ ಬಟ್ಟೆಯನ್ನ ಚಿಕ್ಕ ತುಂಡು ಕತ್ತರಿಸಿ, ಹತ್ತಿರದ ಉದಿ ಮರದ ಎಳೆ ಕೊಂಬೆಗೆ, ನೆರಳಿರೋ ಕಡೆ, ದಾರದಲ್ಲಿ ಕಟ್ಟಿ ಬನ್ನಿ.

ಹೊನ್ನೆಮರ

ಉದಿ ಮರ ಯಾವುದು ಅಂತ ಹಗಲಲ್ಲೇ ನೋಡಿ ಗುರುತು ಮಾಡಿಟ್ಟುಕೊಳ್ಳಿ.